ಮೇಡ್ಲೇರಿ ಕಂಬಳಿ: ಬೆಣ್ಣೆಹಳ್ಳದ ದಂಡೆಯಲ್ಲಿ ಒಂದು ರಾತ್ರಿ ಹೊದ್ದು ನೋಡಿದ ಮೇಲೆ

ಈ ಕಂಬಳಿ ಕೊಂಡು ಎಂಟು ತಿಂಗಳಾಯಿತು. ಬಹುಪಾಲು ದಿನ ಅದು ಕಾರಿನ ಡಿಕ್ಕಿಯಲ್ಲೇ ಬಿದ್ದಿತ್ತು. ತಂದ ಮೊದಲ ವಾರವೇ ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು, "ಕುರಿ ಹಟ್ಟ್ಯಾಗ ಮಲಕೊಂಡಂಗ ಆಗತೈತ್ರಿ, ಹೊರಗ ಇಡ್ರಿ ಇದನ್ನ" ಅಂದಿದ್ದಳು. ಅವಳದ್ದೇನೂ ತಪ್ಪಿಲ್ಲ. ವಾಸನೆ ಇತ್ತು.

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ, ನೇಯುವವರ ಮನೆಯಲ್ಲೇ ಕೂತು ಕೊಂಡದ್ದು. 1,800 ರೂಪಾಯಿ. ಕರಿ ಕಂಬಳಿ, ಬಣ್ಣ ಹಾಕಿದ್ದಲ್ಲ, ಕುರಿಯ ಮೈಬಣ್ಣವೇ ಅದು. ಹುಬ್ಬಳ್ಳಿಯಲ್ಲಿ ನನ್ನದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ, ತಕ್ಕಡಿ ಕೈಗೆ ಸಿಗುತ್ತದೆ. ತೂಗಿ ನೋಡಿದೆ: 2 ಕಿಲೋ 400 ಗ್ರಾಂ.

ಈಗ ಆ ರಾತ್ರಿಯ ಕತೆ. ಗಜೇಂದ್ರಗಡದಲ್ಲಿ ನನ್ನ ಮಾವನ ಮನೆ. ಅಲ್ಲಿಂದ ವಾಪಸ್ ಬರುವಾಗ ನರಗುಂದದಲ್ಲಿ ಒಬ್ಬರಿಗೆ ಮೋಟಾರಿನ ಸಾಮಾನು ಕೊಡುವುದಿತ್ತು. ಅದಕ್ಕೇ ಗದಗಿನ ದಾರಿ ಬಿಟ್ಟು ರೋಣದ ಮೇಲೆ ಬಂದೆವು. ರೋಣದಲ್ಲಿ ಚಹಾ ಕುಡಿಯುವಾಗ ಬಿಸಿಲಿತ್ತು. ಒಂದು ಹನಿ ಮಳೆ ಇಲ್ಲ. ಯಾವಗಲ್ ಹತ್ತಿರ ಬಂದರೆ ಬೆಣ್ಣೆಹಳ್ಳದ ಸೇತುವೆಯೇ ಕಾಣುತ್ತಿಲ್ಲ! ಕಂದು ಬಣ್ಣದ ನೀರು, ಅದರ ಮೇಲೆ ಜಾಲಿ ಕಂಟಿ ತೇಲಿ ಹೋಗುತ್ತಿದೆ.

ಬೆಣ್ಣೆಹಳ್ಳ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಶಿಗ್ಗಾವಿ ತಾಲ್ಲೂಕಿನ ದುಂಡಸಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆ ಹೊಲಗಳ ನೀರನ್ನೆಲ್ಲ ಬಳಿದುಕೊಂಡು ರೋಣದ ಕಡೆ ಮಲಪ್ರಭೆಗೆ ಸೇರುತ್ತದೆ. ಮಲಪ್ರಭೆಗಾದರೆ ನವಿಲುತೀರ್ಥದಲ್ಲಿ ಡ್ಯಾಮ್ ಇದೆ, ನೀರು ಬಿಡುವ ಮೊದಲು ಡಂಗುರವಾದರೂ ಆಗುತ್ತದೆ. ಹಾಗಿದ್ದೂ 2019ರ ಆಗಸ್ಟ್‌ನ ಪ್ರವಾಹದಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರಿನವರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಈ ಹಳ್ಳಕ್ಕೆ ಅಣೆಕಟ್ಟೂ ಇಲ್ಲ, ಡಂಗುರವೂ ಇಲ್ಲ. ಎರೆಮಣ್ಣು ಒಮ್ಮೆ ನೆನೆದರೆ ಮತ್ತೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಹಳ್ಳಕ್ಕೇ.

ದಂಡೆಯಲ್ಲಿ ಒಬ್ಬ ಅಜ್ಜ ನಿಂತಿದ್ದರು. ತಲೆಯ ಮೇಲೆ ಕಂಬಳಿ ಕೊಪ್ಪೆ. "ಇಲ್ಲಿ ಮಳಿ ಬೀಳೂದ ಬ್ಯಾಡ್ರಿ, ಹುಬ್ಬಳ್ಳಿ ಕಡೆ ಹೊಡದ್ರ ಸಾಕು. ಇದು ಇವತ್ತ ಇಳಿಯೂದಿಲ್ಲ ಬಿಡ್ರಿ" ಅಂದರು.

ತಿರುಗಿ ಹೋಗೋಣ ಅಂತ ಕಾರು ರಸ್ತೆ ಬದಿಗೆ ಇಳಿಸಿದ್ದೇ ತಪ್ಪಾಯಿತು. ಎಡಗಡೆ ಮುಂದಿನ ಗಾಲಿ ಎರೆಯಲ್ಲಿ ಅರ್ಧ ಹೂತಿತು. ಎಕ್ಸಲೇಟರ್ ಒತ್ತಿದಷ್ಟೂ ಒಳಗೇ. ಅಷ್ಟರಲ್ಲಿ ಇಲ್ಲೂ ಮಳೆ ಹಿಡಿಯಿತು. ಹಿಂದೆ ನಾವು ದಾಟಿ ಬಂದಿದ್ದ ಸಣ್ಣ ಹಳ್ಳವೂ ತುಂಬಿದೆ ಅಂತ ಬೈಕಿನವರೊಬ್ಬರು ಹೇಳಿದರು. ದೊಡ್ಡ ಹಳ್ಳ ತುಂಬಿದರೆ ಸಣ್ಣ ಹಳ್ಳದ ನೀರಿಗೆ ಹೋಗಲು ಜಾಗವೇ ಇರುವುದಿಲ್ಲ, ಅದು ಹಿಂದಕ್ಕೆ ಒತ್ತುತ್ತದಂತೆ. ಮುಂದೂ ಇಲ್ಲ, ಹಿಂದೂ ಇಲ್ಲ. ದಾರಿಯಲ್ಲಿ ಗಾಡಿ ಕೆಟ್ಟರೆ ಬರುತ್ತೇವೆ ಅಂತ ವರ್ಷಕ್ಕೆ ದುಡ್ಡು ಕಟ್ಟಿಸಿಕೊಂಡವರಿಗೆ ಫೋನ್ ಮಾಡಿದೆ. ಲೊಕೇಶನ್ ಕಳಿಸಿ ಅಂದರು. ಅದು ಹೋಗುವಷ್ಟು ನೆಟ್‌ವರ್ಕ್ ಇದ್ದಿದ್ದರೆ ನಾನು ಯಾಕೆ ಅಳುತ್ತಿದ್ದೆ?

ಮೊದಲು ರೇನ್‌ಕೋಟ್ ಹಾಕಿಕೊಂಡು ಇಳಿದೆ. ಹುಬ್ಬಳ್ಳಿಯಲ್ಲೇ 650 ಕೊಟ್ಟು ಕೊಂಡಿದ್ದು. ಹತ್ತು ನಿಮಿಷಕ್ಕೆ ಭುಜದ ಹೊಲಿಗೆಯಲ್ಲಿ ನೀರು ಇಳಿಯಿತು. ಒಳಗಿನಿಂದ ಬೆವರು, ಹೊರಗಿನಿಂದ ಮಳೆ. ಬನಿಯನ್ ಹಿಂಡುವಂತಾಯಿತು.

ಆಗ ಕಂಬಳಿ ನೆನಪಾಯಿತು. ಆದರೆ ನನಗೆ ಹೊಳೆದದ್ದು ಹೊದೆಯುವುದಲ್ಲ, ಗಾಲಿ ಕೆಳಗೆ ಹಾಕಿದರೆ ಹಿಡಿತ ಸಿಗಬಹುದು ಅಂತ. ಡಿಕ್ಕಿಯಿಂದ ತೆಗೆದು ಬಗ್ಗಿದೆ, ಅಜ್ಜ ಕೈ ಹಿಡಿದೇಬಿಟ್ಟರು. "ಅಯ್ಯ, ಅದು ಗದ್ದಗಿ ಹಾಕೂದ್ರಿ! ದೇವರ ಕೂಡ್ರೂದು. ಅದರ ಮ್ಯಾಲ ಗಾಡಿ ಹತ್ತಸ್ತೀರಿ?" ನನಗೆ ನಾಚಿಕೆಯಾಯಿತು. ಗಾಲಿಗೆ ಜಾಲಿ ಟೊಂಗೆ ತುರುಕಿ ನೋಡಿದೆವು, ಏನೂ ಆಗಲಿಲ್ಲ. ಕೊಪ್ಪೆ ಮಾಡುವುದು ಹೇಗೆ ಅಂತ ಅವರೇ ತೋರಿಸಿದರು. ಒಂದು ತುದಿ ಒಳಗೆ ಮಡಚಿ, ಮೂಲೆ ಕೂಡಿಸಿ, ಟೊಪ್ಪಿಗೆಯ ಹಾಗೆ ತಲೆಗೆ ಕೂರಿಸಬೇಕು. ಉಳಿದದ್ದು ಬೆನ್ನ ಮೇಲೆ ಮೊಣಕಾಲಿನ ತನಕ ಇಳಿಯುತ್ತದೆ.

ನಿಂತು ನೋಡಿದೆ. ಹನಿಗಳು ಉಣ್ಣೆಯ ರೋಮದ ತುದಿಯಲ್ಲಿ ಸಾಬೂದಾಣಿಯ ಹಾಗೆ ಕೂತು, ಉರುಳಿ ಕೆಳಗೆ ಬೀಳುತ್ತಿದ್ದವು. ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದಕ್ಕೇ ಹೊಸ ಕಂಬಳಿ ಅಷ್ಟು ಬಿರುಸು. ಅರ್ಧ ಗಂಟೆಯ ತನಕ ಒಳಗೆ ಏನೂ ಇಳಿಯಲಿಲ್ಲ. ಆಮೇಲೆ ಭುಜದ ಹತ್ತಿರ ನೆನೆಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೆನೆದ ಮೇಲೂ ಚಳಿ ಹತ್ತಲಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಕೈಗೆ ಹಸಿ ಅನ್ನಿಸುವುದಿಲ್ಲವಂತೆ. ಓದಿದ್ದೆ, ಆವತ್ತು ನಂಬಿದೆ.

ರಾತ್ರಿ ಅಜ್ಜ ಮನೆಗೆ ಕರೆದರು. ಕಾರು ಬಿಟ್ಟು ಹೋಗಲು ನನಗೆ ಧೈರ್ಯವಾಗಲಿಲ್ಲ, ಡಿಕ್ಕಿಯಲ್ಲಿ ಸಾಮಾನು ಇತ್ತಲ್ವಾ. ಅತ್ತೆ ಕಟ್ಟಿಕೊಟ್ಟಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಗ್ಲಾಸ್ ಪೂರ್ತಿ ಏರಿಸಿದರೆ ಉಸಿರಿನ ಮಂಜು, ಇಳಿಸಿದರೆ ಎರಚಲು. ಕಾರು ಎಡಕ್ಕೆ ವಾಲಿದೆ. ಹೆಂಡತಿಯ ಸೀರೆ ಮೊಣಕಾಲಿನ ತನಕ ಒದ್ದೆ. ಹನ್ನೊಂದರ ಸುಮಾರಿಗೆ ಹಲ್ಲು ಕಟಕಟ ಅನ್ನುವುದು ಕೇಳಿಸಿತು. ನಾನು ಸುಮ್ನೆ ಕೂತಿದ್ದೆ. "ಏನ್ರೀ, ಆ ಕಂಬಳಿ ಕೊಡ್ರಿ ಇಲ್ಲೆ" ಅಂದಳು. ಒಣಗಿದ ಬದಿ ಒಳಗೆ ಮಾಡಿ ಕೊಟ್ಟೆ. ಬೆಳಗಿನ ತನಕ ಅದು ನನ್ನ ಕಡೆ ಬರಲೇ ಇಲ್ಲ.

ಒಂಬತ್ತಕ್ಕೆ ನೀರು ಇಳಿಯಿತು. ಟ್ರ್ಯಾಕ್ಟರಿನವರು ಎಳೆದು ಹಾಕಿ 500 ತೆಗೆದುಕೊಂಡರು. ನೆಟ್‌ವರ್ಕ್ ಬಂದ ಕೂಡಲೇ ಮೆಸೇಜ್ ಬಂತು: ನಿಮ್ಮ ಸಮಸ್ಯೆ ಬಗೆಹರಿದಿದೆ, ಸೇವೆಗೆ ಸ್ಟಾರ್ ಕೊಡಿ.

ಕಂಬಳಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ, ಚುಚ್ಚುತ್ತದೆ. ಬರಿ ಕುತ್ತಿಗೆಗೆ ತಾಗಿದರೆ ಕೆಂಪಗೆ ದದ್ದು ಏಳುತ್ತದೆ, ಒಳಗೊಂದು ಹತ್ತಿ ಪಂಚೆ ಇರಬೇಕು. ನೆನೆದರೆ ಭಾರ ಜಾಸ್ತಿ. ಮನೆಗೆ ಬಂದು ತೂಗಿದಾಗ 4 ಕಿಲೋ 100 ಗ್ರಾಂ! ನೆರಳಲ್ಲಿ ಒಣಗಲು ಎರಡೂವರೆ ದಿನ. ಒದ್ದೆ ಕಂಬಳಿಯ ವಾಸನೆಯ ಮುಂದೆ ಹೊಸ ಕಂಬಳಿಯದ್ದು ಏನೇನೂ ಅಲ್ಲ. ವಾಷಿಂಗ್ ಮಷಿನ್‌ಗೆ, ಬಿಸಿನೀರಿಗೆ ಹಾಕಲೇಬೇಡಿ, ಕುಗ್ಗಿ ಗಟ್ಟಿಯಾಗುತ್ತದೆ. ಝಾಡಿಸಿ ಗಾಳಿಗೆ ಹಾಕಿ, ಮಡಿಕೆಯೊಳಗೆ ಒಣಗಿದ ಬೇವಿನ ಸೊಪ್ಪು ಇಟ್ಟರೆ ಸಾಕು. ಇಲ್ಲದಿದ್ದರೆ ನುಸಿ ತಿಂದು ಜರಡಿ ಮಾಡುತ್ತದೆ. ಮೆತ್ತಗಿನ ಹೊದಿಕೆ ಬೇಕಿದ್ದವರು ಇದರ ಹತ್ತಿರ ಬರಬೇಡಿ.

ಕೊಳ್ಳುವಾಗ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ನಾತ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪೇಟೆಯಲ್ಲಿ ಒಂದು ಕಡೆ 700ಕ್ಕೆ ಅಪ್ಪಟ ಉಣ್ಣೆ ಅಂತ ಕೊಟ್ಟಿದ್ದರ ಎಳೆ ಸುಟ್ಟೆ, ಕರಗಿ ಗಟ್ಟಿ ಮಣಿಯಾಯಿತು. ಮಾರುವವರು ಸುಡಲು ಬಿಡದಿದ್ದರೆ ಎದ್ದು ಬನ್ನಿ.

ಕಂಬಳಿ ಈಗಲೂ ಡಿಕ್ಕಿಯಲ್ಲೇ ಇದೆ, ಸ್ಟೆಪ್ನಿ ಪಕ್ಕ, ಹಳೇ ಪಂಚೆಯಲ್ಲಿ ಸುತ್ತಿ. ಸುತ್ತಿಟ್ಟವಳು ಹೆಂಡತಿ. ರೇನ್‌ಕೋಟನ್ನು ಅಂಗಡಿಯ ಹೊರಗೆ ರಿಪೇರಿಗೆ ಬಂದ ಮೋಟಾರಿಗೆ ಹೊದಿಸಿದ್ದೇನೆ.