"ಎಲ್ಲಾ ಸೇರಿ 58 ಸಾವಿರ" ಎಂದವರನ್ನು ನಂಬಿ ಬೈಕನ್ನು ಹಡಗಿಗೆ ಹಾಕಬೇಡಿ

ಬೈಕನ್ನು ಹೊರದೇಶಕ್ಕೆ ಕಳಿಸಬೇಕು ಅಂತಿರುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ. ಅದರಲ್ಲೂ ಎಲ್‌ಸಿಎಲ್‌ನಲ್ಲಿ, ಅಂದರೆ ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ಕಳಿಸುವವರು ಖಂಡಿತ ಓದಿ. ಕಂಪನಿಯ ಹೆಸರು ಬರೆಯುವುದಿಲ್ಲ. ಲಾಯರ್ ಗೆಳೆಯ ಬೇಡ ಎಂದಿದ್ದಾನೆ. ಬೆಂಗಳೂರಿನಲ್ಲಿ ಆಫೀಸು ಇದೆ, ಎಸಿ ಇದೆ, ಗೋಡೆಯ ಮೇಲೆ ಪ್ರಪಂಚದ ದೊಡ್ಡ ಮ್ಯಾಪ್ ಇದೆ. ಇಷ್ಟು ಸಾಕು.

ನಾನು ತುಮಕೂರಿನವನು. ಹಾರ್ಡ್‌ವೇರ್ ಅಂಗಡಿ. ದಿನಾ ಲೋಡು, ಬಾಡಿಗೆ, ಹಮಾಲಿ ಅಂತ ಲೆಕ್ಕ ಹಾಕುವವನು. ಲಾರಿಯವನು ಇನ್ನೂರು ರೂಪಾಯಿ ಜಾಸ್ತಿ ಕೇಳಿದರೆ ಅರ್ಧ ಗಂಟೆ ಜಗಳ ಆಡುವವನು. ಅಂಥವನೇ ಹಳ್ಳಕ್ಕೆ ಬಿದ್ದೆ. ಅದಕ್ಕೇ ಈ ಉರಿ.

ಪ್ಲಾನ್ ಇದ್ದದ್ದು ಹೀಗೆ. ನನ್ನ ಹಿಮಾಲಯನ್ 411 ಬೈಕು ಚೆನ್ನೈಯಿಂದ ಕೀನ್ಯಾದ ಮೊಂಬಾಸಾಕ್ಕೆ ಹಡಗಲ್ಲಿ ಹೋಗುವುದು. ನಾನು ವಿಮಾನದಲ್ಲಿ ಹೋಗಿ ಅಲ್ಲಿ ಬಿಡಿಸಿಕೊಳ್ಳುವುದು. ಆಮೇಲೆ ಟಾಂಜಾನಿಯಾ, ಜಾಂಬಿಯಾ, ಬೋಟ್ಸ್ವಾನಾ, ನಮೀಬಿಯಾ ದಾಟಿ ಕೇಪ್ ಟೌನ್. 75 ದಿನ. ಅಂಗಡಿ ತಮ್ಮನ ಕೈಗೆ. 2024ರ ಜೂನ್‌ನಲ್ಲಿ ಕಾರ್ನೆ ಮಾಡಿಸಿದೆ. ಕಾರ್ನೆ ಗೊತ್ತಲ್ಲ, ಬೈಕಿನ ಪಾಸ್‌ಪೋರ್ಟ್ ಇದ್ದಹಾಗೆ. ಆಯಸ್ಸು ಒಂದೇ ವರ್ಷ. ಪ್ರತಿ ದೇಶದೊಳಗೆ ಹೋಗುವಾಗ ಒಂದು ಸೀಲು, ಹೊರಗೆ ಬರುವಾಗ ಒಂದು ಸೀಲು. ಸೀಲು ತಪ್ಪಿದರೆ ಇಟ್ಟ ಠೇವಣಿಗೆ ಕುತ್ತು. ಆ ಕೆಲಸ ಸರಿಯಾಗೇ ಆಯಿತು.

ಏಜೆಂಟನನ್ನು ತೋರಿಸಿದ್ದು ನನ್ನ ಷಡ್ಡಕ. ಅವನ ಫ್ಯಾಕ್ಟರಿಯ ಮಾಲೆಲ್ಲ ಇವರ ಕೈಯಿಂದಲೇ ಹೋಗುವುದಂತೆ. "ಕಣ್ಣು ಮುಚ್ಚಿಕೊಂಡು ಕೊಡಿ" ಅಂದ. ನಾನು ಕಣ್ಣು ಮುಚ್ಚಿಕೊಂಡೇ ಕೊಟ್ಟೆ.

ಬೇರೆ ಇಬ್ಬರು 85, 90 ಸಾವಿರ ಹೇಳಿದ್ದರು. ಇವನು 58. "ಎಲ್ಲಾ ಸೇರಿ ಸರ್. ಬಾಕ್ಸು, ಕಸ್ಟಮ್ಸು, ಹಡಗಿನ ಬಾಡಿಗೆ, ಎಲ್ಲಾ ಸೇರಿ. ನೀವು ಮೊಂಬಾಸಾದಲ್ಲಿ ಇಳಿದು ಕೀ ತಿರುಗಿಸೋದಷ್ಟೇ ಬಾಕಿ." ನಾನು ಇನ್ನೂ ಎರಡು ಸಾವಿರ ಚೌಕಾಶಿ ಮಾಡಿದೆ. ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ನೋಡಿ, ಹಾಗಾದರೆ ಇದು ಸರಿಯಾದ ರೇಟೇ ಇರಬೇಕು ಅಂದುಕೊಂಡೆ! ಪೂರ್ತಿ ದುಡ್ಡು ಅವತ್ತೇ ಹಾಕಿದೆ.

ಕೊಟೇಶನ್ ಹಾಳೆಯ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಇತ್ತು. ಡೆಸ್ಟಿನೇಷನ್ ಚಾರ್ಜಸ್ ಆಸ್ ಪರ್ ಆಕ್ಚುವಲ್ಸ್. ಅಂದರೆ ತಲುಪುವ ಕಡೆ ಎಷ್ಟು ಖರ್ಚು ಬರುತ್ತದೋ ಅಷ್ಟು ನಾವೇ ಕೊಡಬೇಕು. ಓದಿದ್ದೆ. ಓದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಕೇಳಿಯೂ ಕೇಳಿದೆ. "ಅದು ಫಾರ್ಮಾಲಿಟಿ ಸರ್, ಎಲ್ಲಾ ಕೊಟೇಶನ್‌ನಲ್ಲೂ ಇರುತ್ತೆ" ಅಂದ. ಎಷ್ಟಾಗಬಹುದು ಎಂದರೆ "ಏನೋ ಸ್ವಲ್ಪ ಬರುತ್ತೆ ಸರ್" ಅಂದ. ಆ "ಸ್ವಲ್ಪ" ಎಷ್ಟು ಅಂತ ಮುಂದೆ ಹೇಳುತ್ತೇನೆ.

ಜುಲೈ 10ಕ್ಕೆ ಬೈಕ್ ಚೆನ್ನೈಗೆ ಕೊಟ್ಟು ಬಂದೆ. ಹೊರಡುವ ದಿನ ಬೀದಿಯವರೆಲ್ಲ ಸೇರಿದ್ದರು. ಚಕ್ರಕ್ಕೆ ನಿಂಬೆಹಣ್ಣು, ಹ್ಯಾಂಡಲಿಗೆ ಹಾರ, ಕುಂಬಳಕಾಯಿ ಬೇರೆ ಒಡೆದರು. ಹತ್ತು ಜನ ಸ್ಟೇಟಸ್ ಹಾಕಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದಿನ ಏಳೂವರೆ ವಾರ ಅದೇ ಬೀದಿಯಲ್ಲಿ ನಾನು ಹಾಲು ತರಲು ಹೋಗಬೇಕಿತ್ತು. "ಏನಣ್ಣ, ಆಫ್ರಿಕಾಕ್ಕೆ ಹೋಗಿ ಬಂದೇ ಬಿಟ್ರಾ?"

ಟ್ಯಾಂಕ್ ಖಾಲಿ ಮಾಡಿಸಿ, ಬ್ಯಾಟರಿ ವೈರ್ ತೆಗೆಸಿ, ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ತಾಳೆ ಹಾಕಿ ಎಲ್ಲಾ ಮುಗಿಸಿದೆ. ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಚಿಕ್ಕ ಬಾಕ್ಸು ಮಾಡುತ್ತೇವೆ ಅಂತ ಮಾತಾಗಿತ್ತು. 2.2 ಮೀಟರ್ ಉದ್ದ, 0.9 ಅಗಲ, 1.2 ಎತ್ತರ. ಅಂದರೆ 2.4 ಸಿಬಿಎಂ (ಘನ ಮೀಟರ್) ಹತ್ತಿರ. ಎಲ್‌ಸಿಎಲ್‌ನಲ್ಲಿ ಸಿಬಿಎಂ ಮೇಲೇ ಬಾಡಿಗೆ. ಟನ್ನಿಗಿಂತ ಘನ ಮೀಟರು ಜಾಸ್ತಿ ಆದರೆ ಘನ ಮೀಟರಿಗೇ ದುಡ್ಡು, ಬೈಕಿಗಂತೂ ಯಾವಾಗಲೂ ಹಾಗೇ ಆಗುತ್ತದೆ. ಬಾಕ್ಸು ಮಾಡುವವನು ಬರುವುದು ನಾಳೆ ಅಂದರು. ನಾನು ನಿಲ್ಲಲಿಲ್ಲ. ರಾತ್ರಿ ಬಸ್ಸು ಹತ್ತಿದೆ. ಇದು ನನ್ನ ತಪ್ಪು, ಒಪ್ಪುತ್ತೇನೆ.

"20ಕ್ಕೆ ಹಡಗು ಸರ್, ಆಗಸ್ಟ್ 15ರೊಳಗೆ ಮೊಂಬಾಸಾ." ಅದನ್ನು ನಂಬಿ ಆಗಸ್ಟ್ 18ಕ್ಕೆ ಟಿಕೆಟ್ ಮಾಡಿದೆ.

ಜುಲೈ 20 ಆಯಿತು. ಹಡಗು ಹೊರಟಿತಾ? "ಹೊರಟಿದೆ ಸರ್." ಬಿಎಲ್ (ಬಿಲ್ ಆಫ್ ಲೇಡಿಂಗ್, ಹಡಗಿಗೆ ಹಾಕಿದ ಸರಕಿನ ರಸೀದಿ) ಕಳಿಸಿ ಅಂದರೆ ಡ್ರಾಫ್ಟ್ ಅಂತ ಒಂದು ಪಿಡಿಎಫ್ ಕಳಿಸಿದ. ಹಡಗಿನ ಹೆಸರು ಇತ್ತು, ಹತ್ತಿಸಿದ ತಾರೀಖಿನ ಜಾಗ ಖಾಲಿ. ಕಂಟೇನರ್ ನಂಬರ್ ಕೇಳಿದೆ. "ಅಪ್ಡೇಟ್ ಆಗ್ತಿದೆ ಸರ್." ಮರುದಿನ ಕೇಳಿದೆ. "ನಾಳೆ ಕೊಡ್ತೀನಿ ಸರ್." ಮತ್ತೆ ನಾಳೆ. ಮತ್ತೆ ನಾಳೆ. ಹಿಂದೆ ನಮ್ಮ ಊರುಗಳಲ್ಲಿ ದೆವ್ವ ಬರಬಾರದು ಅಂತ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಆ ದೆವ್ವದ ಕಷ್ಟ ನನಗೆ ಅವಾಗ ಅರ್ಥವಾಯಿತು.

ಆಗಸ್ಟ್ 5ಕ್ಕೆ ಬಂದ ಉತ್ತರ ಮಾತ್ರ ಸಾಯುವತನಕ ಮರೆಯುವುದಿಲ್ಲ. "ಕೆಂಪು ಸಮುದ್ರದಲ್ಲಿ ಗಲಾಟೆ ನಡೀತಿದೆ ಸರ್. ಹೂತಿಗಳು ಹಡಗಿಗೆ ಹೊಡೀತಿದ್ದಾರೆ. ನ್ಯೂಸ್ ನೋಡಿಲ್ವಾ? ಅದಕ್ಕೇ ಲೇಟು."

ನೋಡಿದ್ದೆ, ಯೆಮೆನ್‌ನ ಆ ಬಂಡುಕೋರರ ಸುದ್ದಿ. ಪಾಪ, ಹೌದಲ್ವಾ ಅಂದುಕೊಂಡೆ. ಮನೆಯಲ್ಲೂ ಅದನ್ನೇ ಹೇಳಿದೆ. ರಾತ್ರಿ ಊಟಕ್ಕೆ ಕೂತಾಗ ಎಂಟನೇ ಕ್ಲಾಸಿನ ಮಗಳು ಅಟ್ಲಾಸ್ ತಂದಳು. "ಅಪ್ಪಾ, ಚೆನ್ನೈ ಇಲ್ಲಿ. ಕೊಲಂಬೊ ಇಲ್ಲಿ. ಮೊಂಬಾಸಾ ಇಲ್ಲಿ. ಕೆಂಪು ಸಮುದ್ರ ಅಲ್ಲಿ ಮೇಲಿದೆಯಲ್ಲ? ನಿನ್ನ ಬೈಕು ಅಲ್ಲಿಗೆ ಯಾಕೆ ಹೋಯ್ತು?"

ತುತ್ತು ಬಾಯಲ್ಲೇ ಉಳಿಯಿತು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಗಲೂ ಇಲ್ಲ, ಅದೇ ಹೆಚ್ಚು ನೋವಾದದ್ದು.

ಆ ಗಲಾಟೆಯಿಂದ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗಿ ಎಲ್ಲಾ ಕಡೆ ತಡವಾಗುತ್ತಿತ್ತು, ಅದು ನಿಜವೇ. ಆದರೆ ತಡವಾಗಲು ಮೊದಲು ಹಡಗು ಹತ್ತಬೇಕಲ್ಲ? ಮರುದಿನ ಚೆನ್ನೈಯಲ್ಲಿ ಬೈಕ್ ಇಳಿಸಿಕೊಂಡ ಹುಡುಗನಿಗೆ ನೇರ ಫೋನ್ ಮಾಡಿದೆ. ಅವನಿಗೆ ಯಾರೂ ಸುಳ್ಳು ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತದೆ. "ಬಾಕ್ಸ್ ಇಂಗೆದಾನ್ ಇರುಕ್ಕು ಸಾರ್" ಅಂದ. ಬಾಕ್ಸು ಇಲ್ಲೇ ಇದೆ! ಸಿಎಫ್‌ಎಸ್ ಗೋಡೌನಿನಲ್ಲಿ, ಅಂದರೆ ಸರಕನ್ನು ಕಂಟೇನರಿಗೆ ತುಂಬುವ ಜಾಗದಲ್ಲಿ. ನಾಲ್ಕು ವಾರ. ಮೊಂಬಾಸಾಕ್ಕೆ ಹೋಗುವ ಬೇರೆ ಸರಕು ಸಿಕ್ಕಿ ಕಂಟೇನರ್ ತುಂಬಲಿ ಅಂತ ಕಾಯುತ್ತಿದ್ದರು. ಹೂತಿಗಳೂ ಇಲ್ಲ, ಕೆಂಪು ಸಮುದ್ರವೂ ಇಲ್ಲ.

ಏಜೆಂಟನಿಗೆ ಹೇಳಿದೆ. ನಾಚಿಕೆ ಪಟ್ಟುಕೊಂಡನಾ? ಇಲ್ಲ. "ಸರ್, ನೀವು ಸ್ಟಾಫ್ ಹತ್ರ ಡೈರೆಕ್ಟ್ ಮಾತಾಡಬಾರದು, ಕನ್ಫ್ಯೂಷನ್ ಆಗುತ್ತೆ." ನನಗೇ ಬುದ್ಧಿ ಹೇಳಿದ!

ಆಗಸ್ಟ್ 11ಕ್ಕೆ ನಿಜವಾಗಿ ಹಡಗು ಹೊರಟಿತು. ಟಿಕೆಟ್ ಸೆಪ್ಟೆಂಬರ್ 1ಕ್ಕೆ ಮುಂದೆ ಹಾಕಿದ್ದಕ್ಕೆ 14 ಸಾವಿರ ಹೋಯಿತು. ನೈರೋಬಿಯಲ್ಲಿ ಇಳಿದು ಅಲ್ಲಿಂದ ರೈಲಿನಲ್ಲಿ ಮೊಂಬಾಸಾಕ್ಕೆ ಹೋದೆ. ರೈಲು ಚೆನ್ನಾಗಿದೆ, ಕಿಟಕಿಯಲ್ಲಿ ಆನೆ ಕಂಡವು. ಇಡೀ ಪ್ರವಾಸದಲ್ಲಿ ಯಾರಿಗೂ ಬೈಯದೆ ಕೂತದ್ದು ಅದೊಂದು ದಿನ.

ಹಡಗು ಬಂದದ್ದು 8ಕ್ಕೆ. ಇನ್ನೇನು ಅಂದುಕೊಂಡೆ. ಆಗ ಬೆಂಗಳೂರಿನಿಂದ ಮೆಸೇಜ್. "ಸರ್, ಬಾಕ್ಸ್ ಸೈಜ್ 3.96 ಸಿಬಿಎಂ ಬಂದಿದೆ. ಬ್ಯಾಲೆನ್ಸ್ 31 ಸಾವಿರ ಹಾಕಿದರೆ ಬಿಎಲ್ ರಿಲೀಸ್ ಮಾಡ್ತೀವಿ."

ಬಾಕ್ಸು ಮಾಡಿದ್ದು ನಿಮ್ಮ ಜನ ಅಲ್ವಾ? ನಾನಾ ಮಾಡಿದ್ದು? ಚಕ್ರ ಬಿಚ್ಚದೆ, ಹ್ಯಾಂಡಲ್ ತಿರುಗಿಸದೆ, ಬೈಕ್ ನಿಂತ ಹಾಗೇ ಸುತ್ತ ಹಲಗೆ ಹೊಡೆದಿದ್ದರು. 2.4, 1.1, 1.5. ಗುಣಿಸಿ ನೋಡಿ. ಸುಮಾರು ಒಂದೂವರೆ ಸಿಬಿಎಂ ಬರೀ ಗಾಳಿ. ಆ ಗಾಳಿಗೆ 31 ಸಾವಿರ ಬಾಡಿಗೆ. ಎಲ್ಲಾ ಸೇರಿ ಅಂದಿದ್ದಿರಲ್ಲ ಎಂದು ಕೇಳಿದರೆ, "2.4ಕ್ಕೆ ಎಲ್ಲಾ ಸೇರಿ ಸರ್." ಜುಲೈಯಲ್ಲೇ ಅಳತೆ ಗೊತ್ತಿತ್ತಲ್ಲ, ಅವತ್ತೇ ಯಾಕೆ ಹೇಳಲಿಲ್ಲ? ಇದಕ್ಕೆ ಉತ್ತರ ಬರಲೇ ಇಲ್ಲ. ಎರಡು ನೀಲಿ ಟಿಕ್ ಮಾತ್ರ. ನಾನು ಊರಲ್ಲಿದ್ದರೆ ಆಫೀಸಿಗೆ ಹೋಗಿ ಕೂತುಬಿಡುತ್ತಿದ್ದೆ. ನಾನು ಮೊಂಬಾಸಾದಲ್ಲಿ ಸಿಕ್ಕಿಹಾಕಿಕೊಳ್ಳುವ ತನಕ ಅವರು ಕಾದರು. ನನಗೆ ಹಾಗೇ ಅನಿಸುವುದು.

ಐದು ದಿನ ಜಗಳ ಆಡಿದೆ. ಆಮೇಲೆ ಕಟ್ಟಿದೆ. ಬಿಎಲ್ ಇಲ್ಲದೆ ಡೆಲಿವರಿ ಆರ್ಡರ್ (ಸರಕು ಬಿಟ್ಟುಕೊಡಿ ಎನ್ನುವ ಚೀಟಿ) ಇಲ್ಲ, ಡೆಲಿವರಿ ಆರ್ಡರ್ ಇಲ್ಲದೆ ಬೈಕ್ ಇಲ್ಲ. ಏನು ಮಾಡಲಿ?

ಆಮೇಲೆ ಆ "ಸ್ವಲ್ಪ" ಬಂತು. ಅಲ್ಲಿನ ಏಜೆಂಟ್ ಕೊಟ್ಟ ಬಿಲ್ಲು 1,18,000 ಶಿಲ್ಲಿಂಗ್. ನಮ್ಮ ದುಡ್ಡಲ್ಲಿ ಸುಮಾರು 77 ಸಾವಿರ! ಕಂಟೇನರ್ ಬಿಚ್ಚಿದ್ದಕ್ಕೆ, ಹ್ಯಾಂಡ್ಲಿಂಗಿಗೆ, ಡಾಕ್ಯುಮೆಂಟಿಗೆ, ಡೆಲಿವರಿ ಆರ್ಡರಿಗೆ, ಎಲ್ಲದಕ್ಕೂ ಮತ್ತೆ ಸಿಬಿಎಂ ಲೆಕ್ಕವೇ, ಅದೂ 4 ಸಿಬಿಎಂಗೆ. ಗಾಳಿಗೆ ಅಲ್ಲೂ ದುಡ್ಡು. ಮೇಲೆ ನಾವು ಜಗಳ ಆಡಿದ ದಿನಗಳ ಗೋಡೌನ್ ಬಾಡಿಗೆ. ಆ ಮನುಷ್ಯ ಕೆಟ್ಟವನಲ್ಲ. ಚಹಾ ಕೊಡಿಸಿ ಸಮಾಧಾನವಾಗಿ ಬಿಡಿಸಿ ಹೇಳಿದ. ಹೊರಡುವ ಕಡೆ ಬಾಡಿಗೆ ಕಮ್ಮಿ ತೋರಿಸಿ ಗಿರಾಕಿ ಹಿಡಿಯುವುದು, ತಲುಪುವ ಕಡೆ ವಸೂಲಿ ಮಾಡುವುದು, ಎಲ್‌ಸಿಎಲ್‌ನಲ್ಲಿ ಇದು ಹಳೇ ಪದ್ಧತಿಯಂತೆ. ಒಮ್ಮೊಮ್ಮೆ ಹಡಗಿನ ಬಾಡಿಗೆ ಸೊನ್ನೆ ಅಂತಲೇ ಕೊಟೇಶನ್ ಕೊಡುತ್ತಾರಂತೆ. ಅಂಗಡಿ ಇಟ್ಟುಕೊಂಡ ನನಗೆ ಇದು ಹೊಳೆಯಲಿಲ್ಲವಲ್ಲ. ಸಿಮೆಂಟ್ ಕಮ್ಮಿಗೆ ಕೊಟ್ಟು, ಇಳಿಸೋಕೆ ಡಬಲ್ ಕೇಳುವವರನ್ನು ನಾನು ನೋಡಿಲ್ಲವಾ?

ಬೆಂಗಳೂರಿನವನಿಗೆ ಬಿಲ್ಲಿನ ಫೋಟೊ ಕಳಿಸಿದೆ. ಉತ್ತರ: "ಆಸ್ ಪರ್ ಆಕ್ಚುವಲ್ಸ್ ಸರ್, ಕೊಟೇಶನ್‌ನಲ್ಲಿ ಇದೆ ನೋಡಿ." ಜೊತೆಗೆ ಕೈ ಮುಗಿದ ಚಿತ್ರ.

ಕಸ್ಟಮ್ಸ್‌ನಲ್ಲಿ ಇನ್ನೊಂದು. "ಸ್ಪೇರ್ ಎಲ್ಲಾ ಬಾಕ್ಸಲ್ಲೇ ಇಡಿ, ಏನೂ ಆಗಲ್ಲ" ಅಂತ ಬೆಂಗಳೂರಿನವನು ಅಂದಿದ್ದ. ಎರಡು ಟೈರು, ಚೈನ್ ಸೆಟ್, ಕ್ಲಚ್ ಪ್ಲೇಟ್ ಇಟ್ಟಿದ್ದೆ. ಕಾರ್ನೆಯಲ್ಲಿ ಅವು ಬರೆದಿರಲಿಲ್ಲ, ಪ್ಯಾಕಿಂಗ್ ಲಿಸ್ಟಿನಲ್ಲೂ ಇಲ್ಲ. ಅದಕ್ಕೇ ಎರಡು ದಿನ ಹೋಯಿತು. ಬೈಕ್ ಕೈಗೆ ಬಂದದ್ದು ಸೆಪ್ಟೆಂಬರ್ 24. ಒಂದು ಕನ್ನಡಿ ಮುರಿದಿತ್ತು. ಅದನ್ನು ಕೇಳಲೂ ಹೋಗಲಿಲ್ಲ.

ಕೇಪ್ ಟೌನ್ ಪ್ಲಾನ್ ಕೈತಪ್ಪಿ ಹೋಯಿತು. ದೀಪಾವಳಿಗೆ ಅಂಗಡಿಯಲ್ಲಿ ನಾನಿರಲೇಬೇಕು. ವೋಯಿ, ತವೇಟಾ ಗಡಿ ದಾಟಿ ಮೋಶಿ, ಕಿಲಿಮಂಜಾರೊ ನೋಡಿಕೊಂಡು, ಟಾಂಗಾ ಕಡೆಯಿಂದ ಸಮುದ್ರದ ದಂಡೆ ಹಿಡಿದು ವಾಪಸ್ ಮೊಂಬಾಸಾ. 19 ದಿನ. ಜಾಗ ಚೆನ್ನಾಗಿತ್ತು. ಅದರ ಬಗ್ಗೆ ಬರೆಯಲು ಈಗ ಮನಸ್ಸಿಲ್ಲ.

ಕಳಿಸುವವರಿಗೆ ಇಷ್ಟೇ ಹೇಳುವುದು. ತಲುಪುವ ಕಡೆಯ ಏಜೆಂಟ್ ಯಾರು ಅಂತ ಮೊದಲೇ ಕೇಳಿ, ಅವನಿಗೇ ಮೇಲ್ ಮಾಡಿ, ಅವನ ಬಿಲ್ಲು ಒಂದು ಸಿಬಿಎಂಗೆ ಎಷ್ಟು ಅಂತ ಬರೆಸಿಕೊಳ್ಳಿ. ಬಾಕ್ಸು ಮಾಡುವಾಗ ಟೇಪು ಹಿಡಿದು ಪಕ್ಕದಲ್ಲೇ ನಿಲ್ಲಿ, ಒಂದು ರಾತ್ರಿ ಲಾಡ್ಜಿನಲ್ಲಿ ಉಳಿದರೆ ಏನೂ ಮುಳುಗುವುದಿಲ್ಲ. ಪೂರ್ತಿ ದುಡ್ಡು ಕೊಡಬೇಡಿ. ಹಡಗು ಹತ್ತಿದ ತಾರೀಖು ಬಿಎಲ್‌ನಲ್ಲಿ ಕಣ್ಣಾರೆ ನೋಡುವ ತನಕ ವಿಮಾನದ ಟಿಕೆಟ್ ಮಾಡಬೇಡಿ. ಶಿಪ್ಪಿಂಗ್ ಬಿಲ್ಲಿನ (ಇಲ್ಲಿಂದ ಹೊರಗೆ ಕಳಿಸುವಾಗಿನ ಕಸ್ಟಮ್ಸ್ ಕಾಗದದ) ಕಾಪಿ ಇಟ್ಟುಕೊಳ್ಳಿ, ವಾಪಸ್ ತರುವಾಗ ಇದು ಇಲ್ಲಿಂದಲೇ ಹೋದ ಬೈಕು ಅಂತ ತೋರಿಸಬೇಕು. ಷಡ್ಡಕನ ಮಾತು ಕೇಳಬೇಡಿ. 58 ಸಾವಿರದ ಕೆಲಸಕ್ಕೆ ನಾನು ಕಟ್ಟಿದ್ದು 1 ಲಕ್ಷ 66 ಸಾವಿರ. ಟಿಕೆಟ್, ಮೊಂಬಾಸಾದ ಮೂರು ವಾರದ ರೂಮು ಬೇರೆ.

ಬೈಕನ್ನು ವಾಪಸ್ ಕಳಿಸಲು ಬೇರೆಯವರನ್ನು ಹಿಡಿದೆ. ಚಕ್ರ ನಾನೇ ಬಿಚ್ಚಿದೆ. ಬಾಕ್ಸು 2.3 ಸಿಬಿಎಂ. ಕಂಟೇನರ್ ನಂಬರ್ ನನ್ನ ಹತ್ತಿರ ಇದೆ. ದಿನಕ್ಕೆ ನಾಲ್ಕು ಸಲ ನೋಡುತ್ತೇನೆ, ಮಗಳು ಎರಡು ಸಲ. ಇವತ್ತು ಕೊಲಂಬೊ ಅಂತ ತೋರಿಸುತ್ತಿದೆ.