14 ಸಾವಿರ ಓಡಿದ್ದನ್ನು ಬಿಟ್ಟು 41 ಸಾವಿರ ಓಡಿದ್ದನ್ನು ತಗೊಂಡೆ: ಸೆಕೆಂಡ್ ಹ್ಯಾಂಡ್ ಹಿಮಾಲಯನ್ 411, ಎಂಟು ತಿಂಗಳ ನಂತರ

ಉಡುಪಿ, ಮಂಗಳೂರು ಕಡೆ ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್ ಹುಡುಕುತ್ತಿದ್ದೀರಾ? ಹಾಗಾದರೆ ಮೊದಲೇ ಹೇಳಿಬಿಡುತ್ತೇನೆ. ಮೀಟರ್ ನೋಡುವ ಮುಂಚೆ ಆ ಬೈಕ್ ಇಷ್ಟು ವರ್ಷ ಎಲ್ಲಿ ನಿಂತಿತ್ತು ಅಂತ ನೋಡಿ. ನಾನು ನೋಡಿದ ಎರಡು ಬೈಕ್‌ಗಳೂ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಎರಡೂ 2019ರವು. ಒಂದು 14 ಸಾವಿರ ಕಿ.ಮೀ. ಓಡಿತ್ತು, ಇನ್ನೊಂದು 41 ಸಾವಿರ. ಜಾಸ್ತಿ ಓಡಿದ್ದೇ ಈಗ ನಮ್ಮ ಮನೆಯಲ್ಲಿದೆ.

ನಾನಿರುವುದು ಸಂತೆಕಟ್ಟೆಯಲ್ಲಿ. ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ತವರುಮನೆ ತೀರ್ಥಹಳ್ಳಿ ಹತ್ತಿರ. ಅಮ್ಮನಿಗೆ ವಯಸ್ಸಾಗಿದೆ, ತಿಂಗಳಿಗೆ ಎರಡು ಸಲವಾದರೂ ಹೋಗಲೇಬೇಕು. ಹೆಬ್ರಿ, ಸೋಮೇಶ್ವರ, ಆಗುಂಬೆ ದಾಟಿ ಸುಮಾರು 90 ಕಿ.ಮೀ. ಇಷ್ಟು ವರ್ಷ ಬಸ್ಸಿನಲ್ಲೇ ಹೋಗಿ ಬಂದೆ. ಸ್ಕೂಟರಿನಲ್ಲಿ ಎರಡು ಸಲ ಘಾಟಿ ಹತ್ತಿದೆ. ಹೊಂಡಗಳಲ್ಲಿ ಆ ಚಿಕ್ಕ ಚಕ್ರ ಬಿದ್ದಾಗಲೆಲ್ಲ ಸೊಂಟಕ್ಕೆ ಪೆಟ್ಟು. ಗೇರ್ ಬೈಕ್ ನನಗೆ ಹೊಸದಲ್ಲ, ಕಾಲೇಜಿಗೆ ಹೋಗುವಾಗ ಅಣ್ಣನ ಬೈಕ್ ಓಡಿಸುತ್ತಿದ್ದೆ. ಹಾಗಾಗಿ ಘಾಟಿ ಹತ್ತುವ, ಸಾಮಾನು ಹೊರುವ, ನನ್ನ ಕಾಲು ನೆಲಕ್ಕೆ ಮುಟ್ಟುವ ಬೈಕ್ ಬೇಕಿತ್ತು. ನನ್ನ ಎತ್ತರ ಐದಡಿ ಮೂರಿಂಚು.

ಈ ಎತ್ತರದ ಲೆಕ್ಕದಲ್ಲೇ ಅರ್ಧ ಬೈಕ್‌ಗಳು ಪಟ್ಟಿಯಿಂದ ಹೋದವು. ಹಳೆ ಕೆಟಿಎಂ 390 ಅಡ್ವೆಂಚರ್‌ನ ಸೀಟು 855 ಮಿ.ಮೀ. ಎತ್ತರ, ನನಗೆ ಬೆರಳ ತುದಿಯೂ ಸರಿಯಾಗಿ ಮುಟ್ಟಲಿಲ್ಲ. ಹೀರೋ ಎಕ್ಸ್‌ಪಲ್ಸ್ 200 ಹಗುರ, ಚೆಂದ, ಆದರೆ ಅದರ ಸೀಟು ಕೂಡ 823. ಹಿಮಾಲಯನ್ 411ರದ್ದು 800. ಎರಡೂ ಪಾದದ ಮುಂಭಾಗ ನೆಲಕ್ಕೆ ಕೂತಿತು. ಟ್ಯಾಂಕ್ 15 ಲೀಟರಿನದು, ಮುಂದಿನ ಚಕ್ರ 21 ಇಂಚು. ಹೊಸ ಹಿಮಾಲಯನ್ 450 ಬಂದ ಮೇಲೆ ಹಳೆ 411ಗಳು ಮಾರಾಟಕ್ಕೆ ಸಾಕಷ್ಟು ಕಾಣುತ್ತಿವೆ, ಆರಿಸಿಕೊಳ್ಳಬಹುದು. 2019ರದ್ದೇ ಬೇಕು ಅಂತ ಹುಡುಕಿದ್ದು ಎಬಿಎಸ್‌ಗೋಸ್ಕರ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವುದು ಅದೇ. ಮಳೆಗಾಲದ ಘಾಟಿಗೆ ಎಬಿಎಸ್ ಇಲ್ಲದ ಬೈಕ್ ತಗೊಳ್ಳುವ ಧೈರ್ಯ ನನಗಿರಲಿಲ್ಲ.

ಮೊದಲು ನೋಡಿದ್ದು ಕಾಪುವಿನದು. ಕಡಲಿಗೆ ಇನ್ನೂರು ಮೀಟರ್ ಕೂಡ ಇಲ್ಲದ ಮನೆ. ಹುಡುಗ ದುಬೈಯಲ್ಲಿ, ವರ್ಷಕ್ಕೊಂದು ತಿಂಗಳು ಊರಿಗೆ ಬಂದಾಗ ಮಾತ್ರ ಓಡಿಸುವುದು. ಕೇಳಿದ್ದು 1,45,000. ಅವನ ತಾಯಿ ಕವರ್ ತೆಗೆದು, "ಮಗ ಬಂದರೆ ಮಾತ್ರ ಹೊರಗೆ ತೆಗೆಯುವುದು ಮಾರಾಯ್ತಿ, ಹೊಸತರ ಹಾಗೆಯೇ ಉಂಟು" ಅಂದರು. ನಿಜಕ್ಕೂ ಹೊಸತರ ಹಾಗೆಯೇ ಇತ್ತು. ಟೈರಿನ ಬದಿಯಲ್ಲಿ ರಬ್ಬರಿನ ಸಣ್ಣ ಕೂದಲುಗಳು ಇನ್ನೂ ಉಳಿದಿದ್ದವು. ನಾನು ಅಲ್ಲೇ ಮನಸ್ಸು ಕೊಟ್ಟುಬಿಟ್ಟಿದ್ದೆ.

ನನ್ನ ಜೊತೆ ಬಂದಿದ್ದು ಕಲ್ಯಾಣಪುರದ ನಮ್ಮ ಗ್ಯಾರೇಜಿನ ಅಣ್ಣ. ಹದಿನೈದು ವರ್ಷದಿಂದ ನನ್ನ ಸ್ಕೂಟರ್ ನೋಡುತ್ತಿರುವವರು. ಅವರು ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಕುಕ್ಕರುಗಾಲಲ್ಲಿ ಕೂತು ಮುಂದಿನ ಫೋರ್ಕಿನ, ಅಂದರೆ ಮುಂದಿನ ಶಾಕಿನ, ಹೊಳೆಯುವ ಪೈಪಿನ ಮೇಲೆ ಉಗುರು ಎಳೆದರು. "ನೀವೂ ಎಳೆಯಿರಿ ಟೀಚರೇ" ಅಂದರು. ಎಳೆದೆ. ಕಣ್ಣಿಗೆ ನಯವಾಗಿ ಕಂಡ ಪೈಪಿನಲ್ಲಿ ಉಗುರು ಮೂರು ಕಡೆ ತಡೆಯಿತು. ಸಾಸಿವೆ ಕಾಳಿಗಿಂತ ಸಣ್ಣ ತುಕ್ಕಿನ ಗುಳಿಗಳು. ಶಾಕ್ ಮೇಲೆ ಕೆಳಗೆ ಆಡಿದಂತೆಲ್ಲ ಆ ಗುಳಿಯ ಅಂಚು ಆಯಿಲ್ ಸೀಲನ್ನು ಹರಿಯುತ್ತದೆ. ಸೀಲ್ ಬದಲಿಸಿದರೂ ಮತ್ತೆ ಸೋರುತ್ತದೆ, ಪೈಪನ್ನೇ ಬದಲಿಸಬೇಕು.

ಆಮೇಲೆ ಅವರು ಸೀಟು ಬಿಚ್ಚಿದರು. ವೈರಿನ ಕನೆಕ್ಟರ್ ಒಂದನ್ನು ಎಳೆದು ತೋರಿಸಿದರು. ಪಿನ್ನುಗಳ ಮೇಲೆ ಹಸಿರು ಕಿಲುಬು, ಅಜ್ಜಿಮನೆಯ ಹಳೆ ತಾಮ್ರದ ಚೊಂಬಿನಂತೆ. ಚಕ್ರದ ಕಡ್ಡಿಗಳು ರಿಮ್ಮಿಗೆ ಸೇರುವ ಜಾಗದಲ್ಲೆಲ್ಲ ತುಕ್ಕು ಉಬ್ಬಿಕೊಂಡಿತ್ತು. ಪೆಟ್ರೋಲ್ ಮುಚ್ಚಳ ತೆಗೆದು ಮೊಬೈಲಿನ ಟಾರ್ಚ್ ಬಿಟ್ಟರೆ ಟ್ಯಾಂಕಿನ ತಳದಲ್ಲಿ ಕಂದು ಬಣ್ಣದ ಪದರ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ಹನ್ನೊಂದು ತಿಂಗಳು ಕಡಲ ಬದಿಯಲ್ಲಿ ನಿಲ್ಲಿಸಿದರೆ ಇನ್ನೇನಾಗುತ್ತದೆ? ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು, ಮೇಲಿಂದ ಉಪ್ಪುಗಾಳಿ. ಓಡುವ ಬೈಕಿನಲ್ಲಿ ತೇವ ಬಿಸಿಗೆ ಆರುತ್ತದೆ, ನಿಂತ ಬೈಕಿನಲ್ಲಿ ಅಲ್ಲೇ ಕೂತು ತಿನ್ನುತ್ತದೆ.

ಆ ಹೊಸದರಂತೆ ಕಂಡ ಟೈರಿನ ಕಥೆಯೂ ಕೇಳಿ. ಪ್ರತಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚು ಹಾಕಿರುತ್ತಾರೆ. ಅಲ್ಲಿ ಇದ್ದದ್ದು 2119. ಅಂದರೆ 2019ರ 21ನೇ ವಾರ ತಯಾರಾದದ್ದು. ಟೈರಿನ ರಬ್ಬರ್ ಕಟ್ಟೆಗಳ ನಡುವೆ ಹೆಬ್ಬೆರಳಿನಿಂದ ಅಗಲಿಸಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು. ಪೂರ್ತಿ ಸವೆದಿಲ್ಲ, ಆದರೆ ಒಣಗಿದೆ. ಒದ್ದೆ ರಸ್ತೆಯಲ್ಲಿ ಅಂಥ ಟೈರ್ ನಂಬುವಂತಿಲ್ಲ.

"ಇದಕ್ಕೆ ಕೈ ಹಾಕುವುದು ಬೇಡ ಟೀಚರೇ" ಅಂದರು ಅಣ್ಣ, ಆ ತಾಯಿಗೆ ಕೇಳದ ಹಾಗೆ. ಅವರು ಕೊಟ್ಟ ಪುನರ್ಪುಳಿ ಶರಬತ್ತು ಕುಡಿದು ಬಂದೆವು. ನನಗೆ ಬೇಜಾರಾಯಿತು. ಹುಡುಗ ಸುಳ್ಳೇನೂ ಹೇಳಿರಲಿಲ್ಲ, 14 ಸಾವಿರ ಎನ್ನುವುದು ನಿಜವೇ ಆಗಿತ್ತು.

ಎರಡನೆಯದು ಕಾರ್ಕಳದಲ್ಲಿ ಸಿಕ್ಕಿತು. ಮನೆಯ ಪಕ್ಕದಲ್ಲೇ ಹೆಂಚಿನ ಮಾಡಿನ ಶೆಡ್ಡು, ಕೆಳಗೆ ಸಿಮೆಂಟ್ ನೆಲ, ಒಂದು ಹನಿ ನೀರು ಒಳಗೆ ಬರುವುದಿಲ್ಲ. ಮಾರುವವರು ಕೆಲಸದ ಮೇಲೆ ದಿನಾ ಊರೂರು ತಿರುಗುವವರು. ಎಡಗಡೆ ಕ್ರ್ಯಾಶ್ ಗಾರ್ಡ್ ಉಜ್ಜಿಹೋಗಿತ್ತು, ಟ್ಯಾಂಕಿನ ಮೇಲೆ ಗೀರು. ಕಣ್ಣಿಗೆ ಕಾಪುವಿನ ಬೈಕಿನ ಮುಂದೆ ಇದು ಏನೂ ಅಲ್ಲ. "ಮಾಳದ ಹತ್ತಿರ ಕೆಸರಲ್ಲಿ ಜಾರಿ ಬಿದ್ದದ್ದು, ಸುಳ್ಳು ಯಾಕೆ ಹೇಳುವುದು" ಅಂತ ನಾವು ಕೇಳುವ ಮೊದಲೇ ಹೇಳಿದರು. ಆಮೇಲೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಐದು ವರ್ಷದ ಸರ್ವಿಸ್ ಬಿಲ್ಲುಗಳು, ತಾರೀಕು ಪ್ರಕಾರ ಜೋಡಿಸಿ ಪಿನ್ ಹೊಡೆದಿದ್ದರು. ಪ್ರತಿ ಬಿಲ್ಲಿನಲ್ಲೂ ಕಿ.ಮೀ. ಬರೆದಿರುತ್ತದೆ ಅಲ್ವಾ, ಮೀಟರ್ ತಿರುಗಿಸಿಲ್ಲ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಅಣ್ಣ ಮೊದಲು ಇಂಜಿನ್ನಿಗೆ ಕೈ ಇಟ್ಟು ನೋಡಿದರು. ತಣ್ಣಗಿತ್ತು. ನಾವು ಬರುವ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟರೆ ಬೆಳಗಿನ ತೊಂದರೆ ಗೊತ್ತೇ ಆಗುವುದಿಲ್ಲ. ಸೆಲ್ಫ್ ಬಟನ್ ಒಂದೇ ಸಲ ಒತ್ತಿದ್ದಕ್ಕೆ ಸ್ಟಾರ್ಟ್ ಆಯಿತು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇಲ್ಲ, ಅಂದರೆ ಆಯಿಲ್ ಸುಡುತ್ತಿಲ್ಲ. ಫೋರ್ಕಿನ ಮೇಲೆ ಈ ಸಲ ನಾನೇ ಉಗುರು ಎಳೆದೆ. ಎಲ್ಲೂ ತಡೆಯಲಿಲ್ಲ.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಸೀಟು ಒತ್ತಿ ಮುಂದಿನ ಚಕ್ರ ಎತ್ತಿದರು. ನಾನು ಹ್ಯಾಂಡಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿದೆ. ಸರಿಯಾಗಿ ನಡುವೆ ಬಂದಾಗ ಟಕ್ ಅಂತ ಚಿಕ್ಕ ಗುಂಡಿಗೆ ಕೂತಂತಾಯಿತು. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಹೋಗಿದೆ ಅಂತ ಅರ್ಥ. ನಮ್ಮ ರಸ್ತೆಗಳಲ್ಲಿ 41 ಸಾವಿರ ಓಡಿದ ಬೈಕಿಗೆ ಅದು ಸಹಜ, ಬದಲಿಸಿದರೆ ಮುಗಿಯಿತು. ಚೈನನ್ನು ಹಿಂದಿನ ಸ್ಪ್ರಾಕೆಟ್‌ನಿಂದ (ಹಲ್ಲುಚಕ್ರದಿಂದ) ಎಳೆದರೆ ಹಲ್ಲಿನ ಅರ್ಧ ಭಾಗ ಕಾಣುವಷ್ಟು ಎದ್ದು ಬಂತು. ಅದೂ ಬದಲಿಸಬೇಕು. ಹಿಂದಿನ ಟೈರ್ ಸವೆದಿತ್ತು. ಇವೆಲ್ಲ ಓಡಿ ಸವೆದದ್ದು. ಓಡಿ ಸವೆದದ್ದಕ್ಕೆ ಅಂಗಡಿಯಲ್ಲಿ ಹೊಸ ಪಾರ್ಟು ಸಿಗುತ್ತದೆ, ಬೆಲೆ ಕೇಳಿ ಲೆಕ್ಕ ಹಾಕಬಹುದು. ಕಾಪುವಿನ ಬೈಕಿನ ವೈರಿಂಗ್ ಒಳಗಿನ ಕಿಲುಬಿಗೆ ಯಾವ ಲೆಕ್ಕ ಹಾಕುವುದು?

ಬಜಗೋಳಿ ಕಡೆಗೆ ಎಂಟು ಕಿ.ಮೀ. ಓಡಿಸಿ ನೋಡಿದೆ. ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯಲಿಲ್ಲ. ಹ್ಯಾಂಡಲ್ ಮೇಲಿನ ಹಿಡಿತ ಸ್ವಲ್ಪ ಸಡಿಲಿಸಿದರೂ ಬೈಕ್ ನೇರ ಹೋಯಿತು. ಬಿದ್ದ ಬೈಕಿನಲ್ಲಿ ಚಾಸಿಸ್ (ಬೈಕಿನ ಚೌಕಟ್ಟು) ಸೊಟ್ಟಗಾಗಿದೆಯಾ ಅಂತ ತಿಳಿಯಲು ಇದು ಬೇಕೇ ಬೇಕು.

1,28,000 ಹೇಳಿದ್ದರು. ಕೋನ್ ಸೆಟ್, ಚೈನ್, ಟೈರ್ ಲೆಕ್ಕ ಮುಂದಿಟ್ಟು 1,16,000ಕ್ಕೆ ಮಾತು ಮುಗಿಯಿತು. ಅಡ್ವಾನ್ಸ್ ಕೊಡುವ ಮೊದಲು ವಾಹನದ ದಾಖಲೆ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದೆ, ಲೋನ್ ಎಂಟ್ರಿ ಇನ್ನೂ ಹಾಗೇ ಇತ್ತು. ಲೋನ್ ತೀರಿಸಿ ಎರಡು ವರ್ಷವಾಗಿದ್ದರೂ ಅದನ್ನು ತೆಗೆಸಿರಲಿಲ್ಲ. ತುಂಬ ಜನ ಇದನ್ನು ಮರೆಯುತ್ತಾರೆ. ಅವರು ಬ್ಯಾಂಕಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಲೋನ್ ಎಂಟ್ರಿ ತೆಗೆಸುವ ಫಾರ್ಮ್ 35 ತರುವ ತನಕ ನಾನು ಪೂರ್ತಿ ದುಡ್ಡು ಕೊಡಲಿಲ್ಲ. ಬೈಕನ್ನು ನನ್ನ ಹೆಸರಿಗೆ ವರ್ಗಾಯಿಸುವ ಫಾರ್ಮ್ 29, 30ರ ಸಹಿಗಳನ್ನೂ ಮುಗಿಸಿದೆವು. ಇನ್ಶೂರೆನ್ಸನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಇನ್ನೊಂದು ವಿಷಯ: 350 ಸಿಸಿ ದಾಟಿದ ಬೈಕಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸಿನ ಕಂತೇ, 2022ರಲ್ಲಿ ನಿಗದಿಯಾದ ದರದಂತೆ, ತೆರಿಗೆ ಬಿಟ್ಟು 2,804 ರೂಪಾಯಿ ಇತ್ತು. 150ರಿಂದ 350 ಸಿಸಿ ತನಕದ್ದಕ್ಕೆ 1,366. ವರ್ಷವರ್ಷ ಬರುವ ಖರ್ಚಿದು, ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. ಕಾಸರಗೋಡಿನ, ಅಂದರೆ ಕೇರಳದ ಕೆಎಲ್ 14 ನಂಬರಿನ ಬೈಕ್ ಕಮ್ಮಿಗೆ ಸಿಗುತ್ತದೆ ಅಂತ ಮಂಗಳೂರಿನ ಗೆಳತಿಯೊಬ್ಬಳು ಹೇಳಿದಳು. ಆದರೆ ಅಲ್ಲಿನ ಎನ್‌ಒಸಿ ತಂದು ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್ ಕಟ್ಟಬೇಕಾಗುತ್ತದೆ, ನನಗೆ ಆ ಓಡಾಟ ಬೇಡವೆನಿಸಿತು.

ಮನೆಗೆ ತಂದ ವಾರದಲ್ಲೇ ರಿಪೇರಿ ಮಾಡಿಸಿದೆ. ಕೋನ್ ಸೆಟ್, ಚೈನ್ ಸ್ಪ್ರಾಕೆಟ್, ಹಿಂದಿನ ಟೈರ್, ಬ್ರೇಕ್ ಪ್ಯಾಡ್, ಆಯಿಲ್, ಕೂಲಿ ಎಲ್ಲ ಸೇರಿ 12,800.

ದೀಪಾವಳಿ ಕಳೆದು ತಂದದ್ದು, ಈಗ ತುಳುನಾಡಿನ ಮಳೆಗಾಲದ ಆಟಿ ತಿಂಗಳು. 6,200 ಕಿ.ಮೀ. ಓಡಿಸಿದ್ದೇನೆ. ಆಗುಂಬೆಯ 14 ತಿರುವುಗಳಲ್ಲಿ ಈ ಬೈಕ್ ಏನು ಅಂತ ಗೊತ್ತಾಯಿತು. ಇದರ ಬಲ 24 ಬಿಎಚ್‌ಪಿ ಚಿಲ್ಲರೆ, ಕಾಗದದಲ್ಲಿ ದೊಡ್ಡದೇನಲ್ಲ. ಆದರೆ 32 ಎನ್‌ಎಂ ಟಾರ್ಕು, ಅಂದರೆ ಎಳೆಯುವ ಶಕ್ತಿ, 4,000 ಆರ್‌ಪಿಎಮ್ಮಿನ ಸುತ್ತಲೇ ಸಿಕ್ಕಿಬಿಡುತ್ತದೆ. ತಿರುವಿನ ಒಳಗೆ ಎದುರಿಂದ ಮಿನಿ ಬಸ್ಸು ಬಂದು ಪೂರಾ ನಿಧಾನ ಮಾಡಬೇಕಾದಾಗಲೂ ಎರಡನೇ ಗೇರಿನಲ್ಲಿ ಗುಡುಗುಡು ಅಂತ ಎಳೆದುಕೊಂಡು ಮೇಲೆ ಹೋಗುತ್ತದೆ. ಗಡಿಬಿಡಿ ಇಲ್ಲ. ದೊಡ್ಡ ಮುಂದಿನ ಚಕ್ರ ಹೊಂಡವನ್ನು ಹತ್ತಿ ಇಳಿಯುತ್ತದೆ, ಒಳಗೆ ಬೀಳುವುದಿಲ್ಲ. ತವರಿಗೆ ತಲುಪಿದಾಗ ಸೊಂಟ ಹಿಡಿದುಕೊಂಡು ಇಳಿಯುವ ಕಷ್ಟ ತಪ್ಪಿತು. ಅಮ್ಮನ ಮಾತ್ರೆ, ಮಟ್ಟುಗುಳ್ಳ ಬದನೆ, ಬರುವಾಗ ಅಲ್ಲಿಂದ ಅಪ್ಪೆಮಿಡಿ ಡಬ್ಬಿ, ಎಲ್ಲ ಹಿಂದಿನ ಕ್ಯಾರಿಯರಿನಲ್ಲಿ ಕಟ್ಟಿದರೆ ಅಲುಗುವುದಿಲ್ಲ. ಮೈಲೇಜ್ ನನಗೆ ಲೀಟರಿಗೆ 30ರ ಆಸುಪಾಸು.

ಹೆದ್ದಾರಿ 66ರಲ್ಲಿ 80ರಿಂದ 90ರಲ್ಲಿ ಇದು ಸುಖ. ಮರವಂತೆಗೆ, ಮುರುಡೇಶ್ವರಕ್ಕೆ ಹಾಗೇ ಹೋಗಿ ಬಂದೆ. 120ರಲ್ಲಿ ಹೋಗುವ ಆಸೆ ಇರುವವರು ಬಜಾಜ್ ಡಾಮಿನಾರ್ ನೋಡಲಿ. ತೂಕ 190 ಕೆಜಿ ದಾಟುತ್ತದೆ. ಓಡುವಾಗ ಗೊತ್ತಾಗುವುದಿಲ್ಲ, ಆದರೆ ಇಳಿಜಾರಿನ ಅಂಗಳದಲ್ಲಿ ಮುಂದೆ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ತಳ್ಳಲು ನನ್ನೊಬ್ಬಳಿಂದ ಆಗುವುದಿಲ್ಲ. ಹೊರಡುವ ದಿಕ್ಕಿಗೇ ಮುಖ ಮಾಡಿ ನಿಲ್ಲಿಸುವುದನ್ನು ಕಲಿತೆ. ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡ್ ಮಣ್ಣಿಗೆ ಇಳಿಯುತ್ತದೆ, ಅದಕ್ಕೆ ಚಪ್ಪಟೆ ಹಲಗೆ ತುಂಡೊಂದು ಯಾವಾಗಲೂ ಬ್ಯಾಗಿನಲ್ಲಿ. ಚಕ್ರಗಳು ಕಡ್ಡಿಯವು, ಟ್ಯೂಬ್ ಇದೆ. ಟ್ಯೂಬ್‌ಲೆಸ್ ಹಾಗೆ ಹೊರಗಿನಿಂದ ಬತ್ತಿ ತುರುಕಿ ಪಂಕ್ಚರ್ ಹಾಕಲು ಆಗುವುದಿಲ್ಲ. ಹೆಬ್ರಿ ದಾಟಿದ ಮೇಲೆ ಕಾಡು, ಹಾಗಾಗಿ ಎರಡೂ ಅಳತೆಯ ಟ್ಯೂಬು ಮತ್ತು ಗಾಳಿ ಪಂಪು ಇಟ್ಟುಕೊಂಡೇ ಹೊರಡುತ್ತೇನೆ.

ಕಡಲ ಬದಿಗೆ ಹೋಗಿ ಬಂದ ದಿನ ಸಿಹಿನೀರಿನಲ್ಲಿ ತೊಳೆಯುತ್ತೇನೆ, ಮುಖ್ಯವಾಗಿ ಅಡಿಭಾಗ ಮತ್ತು ಕಡ್ಡಿಗಳನ್ನು. ತೊಳೆದು ಹಾಗೇ ಕವರ್ ಮುಚ್ಚುವುದಿಲ್ಲ. ಹತ್ತು ನಿಮಿಷ ಓಡಿಸಿ, ಬಿಸಿಗೆ ನೀರು ಆರಿದ ಮೇಲೆಯೇ ನಿಲ್ಲಿಸುವುದು. ಮಳೆಗಾಲದಲ್ಲಿ ಚೈನಿಗೆ 300 ಕಿ.ಮೀ.ಗೊಮ್ಮೆ ಲೂಬ್. ಕಾಲೇಜಿಗೆ ರಜೆ ಇದ್ದರೂ ವಾರಕ್ಕೊಮ್ಮೆಯಾದರೂ ಬ್ರಹ್ಮಾವರದ ತನಕ ಹೋಗಿ ಬರುತ್ತೇನೆ.

ಮೊನ್ನೆ ಮೂರು ದಿನ ಬಿಡದೆ ಮಳೆ ಹೊಡೆದಾಗ ಕಾರ್ಕಳದವರು ಫೋನ್ ಮಾಡಿದ್ದರು. ಸುಮ್ನೆ ವಿಚಾರಿಸಲು ಅಂದರು. ಆಮೇಲೆ ಕೇಳಿದರು, "ಹೊರಗೆ ನಿಲ್ಲಿಸಿಲ್ಲ ಅಲ್ವಾ ಟೀಚರ್?" ಇಲ್ಲ, ಒಳಗೆ ಜಗಲಿಯ ಪಕ್ಕದಲ್ಲೇ ಇದೆ, ಸೆಂಟರ್ ಸ್ಟ್ಯಾಂಡ್ ಹಾಕಿದ್ದೇನೆ ಅಂದೆ.