ಮಂಡೇಲಾ ಆತ್ಮಕಥೆ: ಮನೆಯ ಪುಟಗಳಿಗೆ ಪೂರ್ತಿ ಅಂಕ

‘ಮನೆಗೆ ಮಾರಿ, ಪರರಿಗೆ ಉಪಕಾರಿ’ ಅಂತ ನಮ್ಮ ಕಡೆ ಬೈಯುತ್ತಾರಲ್ಲ, ಆ ಮಾತನ್ನು ತಲೆಯಲ್ಲಿಟ್ಟುಕೊಂಡೇ ನಾನು ನೆಲ್ಸನ್ ಮಂಡೇಲಾ ಅವರ ‘ಲಾಂಗ್ ವಾಕ್ ಟು ಫ್ರೀಡಂ’ ಓದಿ ಮುಗಿಸಿದೆ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಪ್ರತಿ. ಆರುನೂರು ಪುಟ ದಾಟುವ ದಪ್ಪ ನೋಡಿ ಹೆದರಿ ಎರಡು ವರ್ಷ ಕಪಾಟಿನಲ್ಲೇ ಬಿಟ್ಟಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ದಕ್ಷಿಣ ಆಫ್ರಿಕಾದ ಅಧ್ಯಕ್ಷರಾಗಿ ಏನು ಮಾಡಿದರು ಅಂತ ತಿಳಿಯಬೇಕಿದ್ದರೆ ಇದನ್ನು ಕೊಳ್ಳಬೇಡಿ. ಪುಸ್ತಕ ಬಂದಿದ್ದು 1994ರಲ್ಲಿ, ಅವರು ಪ್ರಮಾಣವಚನ ತೆಗೆದುಕೊಂಡ ವರ್ಷ. ಕಥೆ ಅಲ್ಲಿಗೇ ನಿಲ್ಲುತ್ತದೆ. ಅವರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಪಕ್ಷದ ಸಭೆ, ನಿರ್ಣಯ, ಸಂಘಟನೆಗಳ ಗಿಡ್ಡ ಹೆಸರುಗಳು, ಕೊನೆಯ ಭಾಗದಲ್ಲಿ ಸರ್ಕಾರದ ಜೊತೆಗಿನ ಮಾತುಕತೆಗಳು, ಇವು ಪುಟಗಟ್ಟಲೆ ಇವೆ, ನಾನು ಕೆಲವು ಕಡೆ ಸುಮ್ನೆ ಹಾರಿಸಿದೆ.

ಆದರೆ ಮನೆ ವಿಷಯಕ್ಕೆ ಬಂದಾಗ ಬರವಣಿಗೆಯೇ ಬೇರೆ. ಬೆಳಗಾಗುವ ಮೊದಲೇ ಹೊರಟು ರಾತ್ರಿ ತಡವಾಗಿ ಬರುವ ಅಪ್ಪ. ಐದು ವರ್ಷದ ಮಗ ಥೆಂಬಿ ತಾಯಿಯನ್ನು ಕೇಳುತ್ತಾನೆ, ಅಪ್ಪ ಎಲ್ಲಿರೋದು ಅಂತ. ಮೊದಲ ಹೆಂಡತಿ ಎವೆಲಿನ್‌ಗೆ ದೇವರ ಮೇಲೆ ಭಕ್ತಿ ಜಾಸ್ತಿಯಾದ ಹಾಗೆ ಇವರಿಗೆ ವರ್ಣಭೇದದ ವಿರುದ್ಧದ ಹೋರಾಟದ ಹುಚ್ಚು ಜಾಸ್ತಿಯಾಗುತ್ತದೆ, ನಾನೋ ಪಕ್ಷವೋ ಅನ್ನುವವರೆಗೂ ಹೋಗುತ್ತದೆ. 1956ರ ಡಿಸೆಂಬರ್‌ನಲ್ಲಿ ದೇಶದ್ರೋಹದ ಕೇಸಿನಲ್ಲಿ ಒಳಗೆ ಹೋಗಿ ಜಾಮೀನಿನ ಮೇಲೆ ವಾಪಸ್ ಬಂದರೆ ಮನೆ ಖಾಲಿ. ಆಕೆ ಕಿಟಕಿ ಪರದೆಗಳನ್ನೂ ಬಿಟ್ಟಿರಲಿಲ್ಲ. ಅಷ್ಟೆಲ್ಲ ತಡೆದುಕೊಂಡ ಮನುಷ್ಯ ಆ ಪರದೆ ಇಲ್ಲದ್ದನ್ನು ಕಂಡು ಕುಸಿದೆ ಅನ್ನುತ್ತಾರೆ. ಈ ಪುಟ ನನ್ನ ಹೆಂಡತಿಗೆ ಓದಿ ಹೇಳಿದೆ. ಎವೆಲಿನ್ ಏನು ಕೆಲಸದಲ್ಲಿದ್ದಳು ಅಂತ ಕೇಳಿದಳು. ನರ್ಸ್ ಅಂದೆ. ‘ಹಾಗಾದ್ರೆ ಆ ಪರದೆ ಅವಳ ಸಂಬಳದ್ದೇ ಇರಬೇಕು ಬಿಡ್ರೀ’ ಅಂದಳು! ನನ್ನ ತಕರಾರೂ ಅದೇ. ಎವೆಲಿನ್ ಒಳ್ಳೆಯವಳು, ತಪ್ಪು ನನ್ನದೂ ಇದೆ ಅಂತ ಬರೆಯುತ್ತಾರೆ ನಿಜ, ಆದರೆ ಆಕೆಯ ಕಡೆಯ ಮಾತಿಗೆ ಸಿಕ್ಕ ಜಾಗ ತೀರಾ ಕಡಿಮೆ.

ಜೈಲಿನ ಭಾಗ ಮಾತ್ರ ಒಂದು ಸಾಲೂ ಬಿಡಬೇಡಿ. 27 ವರ್ಷದ ಸೆರೆಯಲ್ಲಿ 18 ವರ್ಷ ರಾಬೆನ್ ದ್ವೀಪದಲ್ಲೇ. ಅಲ್ಲೂ ಬಣ್ಣದ ಲೆಕ್ಕ ನೋಡಿ: ಜೊತೆಗಿದ್ದ ಕೈದಿ, ಭಾರತೀಯ ಮೂಲದ ಕತ್ರಾಡಾಗೆ ಉದ್ದ ಪ್ಯಾಂಟು, ಕರಿಯರಿಗೆ ಚಡ್ಡಿ. ಅವರಿಗೆ ಬ್ರೆಡ್ಡು, ಇವರಿಗೆ ಮೆಕ್ಕೆಜೋಳದ ಗಂಜಿ. 1968ರಲ್ಲಿ ತಾಯಿ ತೀರಿಕೊಂಡರು, ಮಣ್ಣಿಗೆ ಹೋಗಲು ಬಿಡಲಿಲ್ಲ. ಮರುವರ್ಷ ಜುಲೈನಲ್ಲಿ ಥೆಂಬಿ ಕಾರು ಅಪಘಾತದಲ್ಲಿ ಹೋದ ಅಂತ ಟೆಲಿಗ್ರಾಂ ಬಂತು. ಆಗಲೂ ಬಿಡಲಿಲ್ಲ. ಜೊತೆಗೇ ಸೆರೆಯಲ್ಲಿದ್ದ ಗೆಳೆಯ ವಾಲ್ಟರ್ ಸಿಸುಲು ಬಂದು ಟೆಲಿಗ್ರಾಂ ಓದಿ, ಏನೂ ಮಾತಾಡದೆ ಕೈ ಹಿಡಿದು ಕೂತರಂತೆ. ಹಿಂದೆ ಆ ಹುಡುಗ ಮೊಣಕಾಲವರೆಗೆ ಬರುವ ಅಪ್ಪನ ಹಳೇ ಕೋಟು ಹಾಕಿಕೊಂಡು ಬಂದಿದ್ದ ಅನ್ನುವ ನೆನಪೂ ಇಲ್ಲೇ ಬರುತ್ತದೆ. ನಾನು ಪುಸ್ತಕ ಮುಚ್ಚಿಟ್ಟು ಟೀ ಮಾಡಿಕೊಳ್ಳಲು ಎದ್ದೆ.

ಜೈಲಿನ ಅಂಗಳದ ಕಲ್ಲುಮಣ್ಣಿನಲ್ಲಿ ತೋಟ ಮಾಡಿ, ಒಂದು ಟೊಮೇಟೊ ಗಿಡವನ್ನು ಸಸಿಯಿಂದ ಸಾಕುತ್ತಾರೆ. ಕೆಂಪು ಹಣ್ಣು ಬಿಡುತ್ತದೆ, ಆಮೇಲೆ ಹೇಗೋ ಒಣಗುತ್ತದೆ. ಬೇರು ತೊಳೆದು ಮೂಲೆಯಲ್ಲಿ ಮಣ್ಣು ಮಾಡಿ, ಅದನ್ನೇ ಹೆಂಡತಿ ವಿನ್ನಿಗೆ ಕಾಗದದಲ್ಲಿ ಬರೆಯುತ್ತಾರೆ. ನಮ್ಮ ಸಂಬಂಧ ಹೀಗಾಗದಿರಲಿ ಅನ್ನೋದನ್ನು ನೇರ ಹೇಳಲಾಗದ ಗಂಡಸು ಟೊಮೇಟೊ ಬಗ್ಗೆ ಬರೆಯುತ್ತಿದ್ದಾನೆ, ಅಲ್ವಾ? 1992ರಲ್ಲಿ ಅವರಿಬ್ಬರೂ ಬೇರೆಯಾದ ಪುಟಕ್ಕೆ ಬಂದಾಗ ನಾನು ಆ ಗಿಡದ ಪುಟವನ್ನು ಮತ್ತೆ ಹುಡುಕಿದೆ.

ಈ ಪುಸ್ತಕದ ಹುಟ್ಟೂ ಒಂದು ಕಥೆ. ಮೊದಲ ಕರಡು 1975ರಲ್ಲಿ ಜೈಲಿನಲ್ಲೇ ರಾತ್ರಿ ಕದ್ದು ಬರೆದಿದ್ದು. ಜೊತೆಗಿದ್ದ ಮ್ಯಾಕ್ ಮಹಾರಾಜ್ ಅದನ್ನು ಸಣ್ಣ ಸಣ್ಣ ಅಕ್ಷರದಲ್ಲಿ ನಕಲು ಮಾಡಿ, ಬಿಡುಗಡೆಯಾದಾಗ ಹೊರಗೆ ಸಾಗಿಸಿದರು. ಮೂಲ ಹಾಳೆಗಳನ್ನು ಕೋಕೋ ಡಬ್ಬಿಗಳಲ್ಲಿ ತುಂಬಿ ಅದೇ ತೋಟದಲ್ಲಿ ಹೂತಿದ್ದರು. ಗೋಡೆ ಕಟ್ಟಲು ಅಗೆದಾಗ ಸಿಕ್ಕಿಬಿದ್ದರು, ನಾಲ್ಕು ವರ್ಷ ಜೈಲಿನಲ್ಲಿ ವ್ಯಾಸಂಗ ಮಾಡುವ ಅನುಮತಿ ಹೋಯಿತು.

ಇಂಗ್ಲಿಷ್ ಸುಲಭವಾಗಿದೆ, ಡಿಕ್ಷನರಿ ಬೇಕಾಗಲಿಲ್ಲ. ನನ್ನ ಪ್ರತಿಯ ಅಕ್ಷರ ಮಾತ್ರ ತುಂಬಾ ಸಣ್ಣದು. ಒಟ್ಟು ಹನ್ನೊಂದು ಭಾಗ, ಸಮಯ ಇಲ್ಲದಿದ್ದರೆ ಹಳ್ಳಿಯ ಬಾಲ್ಯದ ಮೊದಲ ಭಾಗ ಓದಿ, ನೇರ ಎಂಟು-ಒಂಬತ್ತಕ್ಕೆ ಹೋಗಿ. ಅಲ್ಲಿ ಮಗಳು ಝೆನಿ ತನ್ನ ಕೂಸನ್ನು ಎತ್ತಿಕೊಂಡು ಬರುತ್ತಾಳೆ. ಗಾಜಿನ ಅಡ್ಡ ಇಲ್ಲದ ಭೇಟಿ. ಅಷ್ಟು ವರ್ಷ ಪಿಕಾಸಿ, ಸಲಿಕೆ ಹಿಡಿದು ಒರಟಾದ ಕೈಯಲ್ಲಿ ಮೊಮ್ಮಗುವನ್ನು ಭೇಟಿಯ ಹೊತ್ತು ಮುಗಿಯುವವರೆಗೂ ಕೆಳಗಿಳಿಸುವುದೇ ಇಲ್ಲ.